ಲೆಕ್ಕದ ಮನೆ

ಹನ್ನೊಂದು ವರ್ಷದ ಹಿಂದಿನ ಒಂದು ಅಕ್ಟೋಬರ್ 17 ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ಬಡತನ ನಿರ್ಮೂಲನೆಗಾಗಿ ಇರುವ ದಿನ ಅದು, ವಿಶ್ವಸಂಸ್ಥೆ 1992ರಲ್ಲಿ ಗೊತ್ತುಮಾಡಿದ್ದು. ಕೆಲಸಕ್ಕೆ ಸೇರಿದ ಹೊಸತು, ಮಕ್ಕಳ ಕೈಯಲ್ಲಿ ಏನಾದರೂ ಒಳ್ಳೆಯದು ಮಾಡಿಸಬೇಕೆಂಬ ಹುಮ್ಮಸ್ಸು. "ನಾಳೆ ಎಲ್ಲರೂ ಮನೆಯಿಂದ ಒಂದೊಂದು ಹಿಡಿ ಅಕ್ಕಿ ತನ್ನಿ, ಬಡವರಿಗೆ ಕೊಟ್ಟು ಬರೋಣ" ಎಂದಿದ್ದೆ.

ನಮ್ಮ ಶಾಲೆ ಇರುವುದು ಮಂಡ್ಯದಿಂದ ಪಾಂಡವಪುರದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಯಲ್ಲಿ. ಸುತ್ತ ನಾಲೆ, ಗದ್ದೆ, ಕಬ್ಬು, ಎರಡು ಆಲೆಮನೆ. ಕಬ್ಬು ಕಡಿಯುವ ಕಾಲಕ್ಕೆ ಬಳ್ಳಾರಿ ಕಡೆಯಿಂದ ಸಂಸಾರ ಸಮೇತ ಬಂದವರು ಊರಾಚೆ ಬಯಲಲ್ಲಿ ಗುಡಿಸಲು ಹಾಕಿಕೊಳ್ಳುತ್ತಾರೆ. ಅಕ್ಕಿ ಕೊಡಲು ನಾನು ಆರಿಸಿಕೊಂಡದ್ದು ಆ ಗುಡಿಸಲುಗಳನ್ನು. ಅಲ್ಲಿಂದ ಬರುವ ಹುಡುಗನೊಬ್ಬ ನನ್ನ ತರಗತಿಯಲ್ಲೇ ಕೂತಿದ್ದಾನೆ ಎಂಬುದು ನನಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ಹೊಳೆಯಲಿಲ್ಲ.

ಅವನೂ ಒಂದು ಹಿಡಿ ಅಕ್ಕಿ ತಂದಿದ್ದ. ಎಲ್ಲರ ಜೊತೆ ಸಾಲಲ್ಲಿ ನಡೆದು ಬಂದ. ಮೂರನೇ ಗುಡಿಸಲಿನಿಂದ ಅವನ ಅವ್ವ ಸೆರಗು ಒಡ್ಡಿಕೊಂಡು ಹೊರಗೆ ಬಂದರು. ಅವನು ಮುಷ್ಟಿ ಬಿಚ್ಚಲಿಲ್ಲ. ಮಾರನೆಯ ದಿನದಿಂದ ಶಾಲೆಗೂ ಬರಲಿಲ್ಲ. ನಾನು ಎರಡು ಸಲ ಹೋಗಿ ಕರೆದೆ. ಮೂರನೇ ಸಲ ಹೋಗುವಷ್ಟರಲ್ಲಿ ಗುಡಿಸಲು ಕಿತ್ತಿದ್ದರು.

ಅವತ್ತಿನಿಂದ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಬಡತನದ ಪಾಠ ಮಾಡುವಾಗ ಯಾವ ಮಗುವನ್ನೂ ಅದರ ಮನೆಯ ವಿಷಯ ಕೇಳುವುದಿಲ್ಲ. ಅಪ್ಪ ಏನು ಮಾಡುತ್ತಾರೆ, ಮನೆ ಹೆಂಚಿನದೋ ತಾರಸಿಯೋ, ಕಾರ್ಡು ಯಾವುದು, ಒಂದನ್ನೂ ಇಲ್ಲ. ಬದಲಿಗೆ ಬೋರ್ಡಿನ ಮೇಲೆ ಒಂದು ಮನೆ ಬರೆಯುತ್ತೇವೆ. ಅಪ್ಪ, ಅವ್ವ, ಮೂರು ಮಕ್ಕಳು. ಅವರ ಹೆಸರನ್ನು ಮಕ್ಕಳೇ ಇಡುತ್ತಾರೆ. ಅದಕ್ಕೆ 'ಲೆಕ್ಕದ ಮನೆ' ಎಂಬ ಹೆಸರೂ ಮಕ್ಕಳದೇ. ಆ ಮನೆಯವರಿಗೆ ಜಮೀನಿಲ್ಲ, ಕೂಲಿಯೇ ಗತಿ. ಅಲ್ಲಿಂದಾಚೆಗೆ ನಮ್ಮ ಗಣಿತದ ಪೀರಿಯಡ್ಡು.

2025ರ ಜುಲೈನಲ್ಲಿ ಆರನೇ ಕ್ಲಾಸಿನವರು ಮಾಡಿದ ಲೆಕ್ಕ ಹೇಳುತ್ತೇನೆ. ಆ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಒಂದು ಕುಟುಂಬಕ್ಕೆ ವರ್ಷದಲ್ಲಿ ಖಾತ್ರಿ ಇದ್ದದ್ದು 100 ದಿನದ ಕೆಲಸ. ಗುಣಿಸಿದರೆ 37,000. "ಅಬ್ಬಾ, ಅಷ್ಟೊಂದಾ!" ಎಂದಿತು ಹಿಂದಿನ ಬೆಂಚು. ಅದನ್ನು 365ರಿಂದ ಭಾಗಿಸಿ ಅಂದೆ. ದಿನಕ್ಕೆ 101 ರೂಪಾಯಿ ಬಂತು. ಐದು ಜನಕ್ಕೆ ಹಂಚಿ ಅಂದೆ. ತಲೆಗೆ 20 ರೂಪಾಯಿ. ಹಿಂದಿನ ಬೆಂಚು ಸುಮ್ಮನಾಯಿತು.

ಉಳಿದ ದಿನಗಳಲ್ಲಿ ಗದ್ದೆ ಕೆಲಸವೋ ಆಲೆಮನೆಯೋ ಸಿಗಬಹುದು, ಸಿಗದೆಯೂ ಇರಬಹುದು. ಅದನ್ನು ಚೀಟಿ ಎತ್ತಿ ತೀರ್ಮಾನಿಸುತ್ತೇವೆ. ಒಂದು ಚೀಟಿಯಲ್ಲಿ 'ನಾಟಿ ಕೆಲಸ, ಹತ್ತು ದಿನ', ಇನ್ನೊಂದರಲ್ಲಿ 'ಮಗುವಿಗೆ ಜ್ವರ', ಮತ್ತೊಂದರಲ್ಲಿ 'ನಾಲೆಗೆ ನೀರು ಬಿಟ್ಟಿಲ್ಲ'. ನೀರಿನ ಚೀಟಿ ಬಂದಾಗ ಮಂಡ್ಯದ ಮಕ್ಕಳಿಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ನೀರಿದೆ ಎಂಬುದು ಅವರ ಮನೆ ಜಗುಲಿಯ ಮಾತು.

ಆಗ ಒಬ್ಬಳು ಎದ್ದು, "ಮಿಸ್, ಗೃಹಲಕ್ಷ್ಮಿ ದುಡ್ಡು ಬುಟ್ಬುಟ್ರಿ" ಅಂದಳು. ಸರಿಯೇ. 2023ರ ಆಗಸ್ಟ್ 30ರಂದು ನಮ್ಮ ಪಕ್ಕದ ಮೈಸೂರಿನಲ್ಲೇ ಚಾಲನೆ ಕೊಟ್ಟ ಯೋಜನೆ, ಮನೆಯೊಡತಿಗೆ ತಿಂಗಳಿಗೆ 2,000. ವರ್ಷಕ್ಕೆ 24,000 ಸೇರಿಸಿದರೆ ತಲೆಗೆ ದಿನಕ್ಕೆ 33 ರೂಪಾಯಿ ಆಗುತ್ತದೆ. ಅಷ್ಟರಲ್ಲಿ ಒಬ್ಬ ಹುಡುಗ ತಕರಾರು ತೆಗೆದ: "ಅದು ಗೇಯ್ದಿದ್ ದುಡ್ಡಲ್ಲ ಮಿಸ್, ಸುಮ್ನೆ ಕೊಡದು. ಸೇರಿಸ್ಬಾರ್ದು."

ಅವಳು ಅವನ ಕಡೆ ತಿರುಗಿ ಕೇಳಿದಳು: "ನಿಮ್ಮವ್ವ ಗೇಯಕಿಲ್ವಾ?"

ನಾನು ತಯಾರಿ ಮಾಡಿಕೊಂಡು ಹೋಗಿದ್ದ ಪಾಠ ಅಲ್ಲಿಗೆ ನಿಂತಿತು, ನಿಲ್ಲಿಸಿದ್ದೇ ಒಳ್ಳೆಯದಾಯಿತು. ಲೆಕ್ಕದ ಮನೆಯ ಅವ್ವ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂದು ಹುಡುಗರೇ ಬರೆಯತೊಡಗಿದರು. ಐದಕ್ಕೆ ಎದ್ದು ಕೊಟ್ಟಿಗೆ, ಬಾಗಿಲಿಗೆ ನೀರು, ಒಲೆ, ಪಾತ್ರೆ, ಮುದ್ದೆ ತೊಳಸುವುದು, ಸೀಮೆ ಹುಲ್ಲು ಕೊಯ್ಯುವುದು, ಡೈರಿಗೆ ಹಾಲು ಹಾಕಿ ಬರುವುದು. ರಾತ್ರಿ ಹತ್ತರವರೆಗೆ ಪಟ್ಟಿ ಇಳಿಯಿತು. ಇದಕ್ಕೆಲ್ಲ ಕೂಲಿ ಎಷ್ಟು ಹಾಕಬೇಕೆಂಬ ಜಗಳ ಬೆಲ್ ಹೊಡೆದ ಮೇಲೂ ಮುಗಿಯಲಿಲ್ಲ. ತಕರಾರು ತೆಗೆದ ಹುಡುಗನೇ ಪುಸ್ತಕದಲ್ಲಿ 24,000 ಸೇರಿಸಿ ಬರೆದುಕೊಂಡಿದ್ದ. ನಾನು ಹೇಳಿ ಬರೆಸಿದ್ದಲ್ಲ.

ಇನ್ನೊಂದು ಚಟುವಟಿಕೆಗೆ ಚಪ್ಪಲಿ ಬಿಟ್ಟರೆ ಏನೂ ಬೇಡ. ಬ್ಯಾಗ್ ಇಲ್ಲದ ಶನಿವಾರ ಊರು ಸುತ್ತುತ್ತೇವೆ. ಪ್ರತಿ ಬೀದಿಯ ಕೊನೇ ಮನೆಯಿಂದ ಹತ್ತಿರದ ನಲ್ಲಿಗೆ, ಬೀದಿದೀಪಕ್ಕೆ, ಬಸ್ ಸ್ಟಾಪಿಗೆ ಎಷ್ಟು ಹೆಜ್ಜೆ ಎಂದು ಎಣಿಸುವುದು. ಎಣಿಸುವವನು ಒಬ್ಬನೇ, ಎಲ್ಲಾ ಬೀದಿಗೂ ಅವನದೇ ಹೆಜ್ಜೆ. ದೊಡ್ಡ ಬೀದಿಯ ಕೊನೇ ಮನೆಯಿಂದ ನಲ್ಲಿಗೆ 38 ಹೆಜ್ಜೆ ಬಂತು. ಕಾಲೋನಿಯ, ಅಂದರೆ ದಲಿತ ಕೇರಿಯ, ಕೊನೇ ಮನೆಯಿಂದ 312. ಎಣಿಸುತ್ತಿದ್ದ ಹುಡುಗ ದೊಡ್ಡ ಬೀದಿಯವನು. ತಪ್ಪಿರಬೇಕೆಂದು ವಾಪಸ್ ಹೋಗಿ ಇನ್ನೊಮ್ಮೆ ಎಣಿಸಿಕೊಂಡು ಬಂದ.

ಆ ನಕ್ಷೆಯನ್ನು ಮಕ್ಕಳ ಗ್ರಾಮಸಭೆಗೆ ಒಯ್ದೆವು. ಪಂಚಾಯಿತಿಯವರು ಚೆನ್ನಾಗಿ ಕೇಳಿಸಿಕೊಂಡರು, ಬಿಸ್ಕತ್ತು ಕೊಟ್ಟರು. ಎರಡು ಬೀದಿದೀಪ ಬಂದವು. ನಲ್ಲಿ ಬಂದಿಲ್ಲ. ಮಕ್ಕಳು ಕೇಳಿದಾಗ "ಬರುತ್ತೆ" ಎಂದು ಸಮಾಧಾನ ಹೇಳಲು ನನಗೆ ಮನಸ್ಸಾಗಲಿಲ್ಲ. ಮತ್ತೊಂದು ಅರ್ಜಿ ಬರೆಸಿದೆ.

ಊಟದ ವಿಷಯವನ್ನೂ ಹೇಳಬೇಕು. ಬಿಸಿಯೂಟ ಎಲ್ಲರಿಗೂ ಒಂದೇ ಪಾತ್ರೆಯದು, ಒಂದೇ ಸೌಟಿನದು. ಆದರೆ ಯಾರ ಪಕ್ಕ ಯಾರು ಕೂರುತ್ತಾರೆ ಎಂದು ಒಂದು ವಾರ ನೋಡಿದೆ. ಕಾಲೋನಿಯ ಮಕ್ಕಳು ದಿನಾ ಸಾಲಿನ ಅದೇ ತುದಿಯಲ್ಲಿ. ಯಾರೂ ಅಲ್ಲಿ ಕೂರಿಸಿದ್ದಲ್ಲ, ಅವರೇ ಹೋಗಿ ಕೂರುತ್ತಿದ್ದರು. ನನಗೆ ಹೆಚ್ಚು ಸಂಕಟವಾದದ್ದೂ ಅದಕ್ಕೇ. ಭಾಷಣ ಮಾಡಲಿಲ್ಲ. ಹುಣಸೆ ಬೀಜದ ಮೇಲೆ ನಂಬರ್ ಬರೆದು ಡಬ್ಬಿಗೆ ಹಾಕಿದೆ. ಬಂದ ನಂಬರಿನ ಜಾಗದಲ್ಲಿ ಕೂರಬೇಕು, ಮಾಸ್ಟರು, ಮಿಸ್ಸು ಎಲ್ಲರೂ. ನಾಲ್ಕನೇ ದಿನ ಪೋಷಕರೊಬ್ಬರು ಬಂದು "ಮುಂಚಿನಂಗೇ ಇರ್ಲಿ ಬುಡಿ ಮೇಡಂ" ಅಂದರು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಅವರ ಮಗಳೇ ಓದಿಸುವ ಸಂವಿಧಾನ ಪೀಠಿಕೆ ಗೋಡೆಯ ಮೇಲಿದೆ. 'ಸಾಮಾಜಿಕ' ಎಂಬ ಪದದ ಮೇಲೆ ಬೆರಳಿಟ್ಟೆ. ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿಯನ್ನೂ ಓದಿ ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ಡಬ್ಬಿ ಮಾತ್ರ ಅಲ್ಲೇ ಇದೆ.

ಜೂನ್ 4 ಬಂದರೆ ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಜಯಂತಿ. ಮಕ್ಕಳ ಭಾಷಣವೆಲ್ಲ ಅವರ ಕಾಲದ ಕನ್ನಂಬಾಡಿ ಕಟ್ಟೆಯ ಮಾತಿಗೇ ನಿಲ್ಲುತ್ತಿತ್ತು. ಈಗ ಒಬ್ಬರಾದರೂ 1918ರ ಮಿಲ್ಲರ್ ಸಮಿತಿಯ ಬಗ್ಗೆ ಮಾತಾಡುತ್ತಾರೆ. ಸರ್ಕಾರಿ ಕೆಲಸಗಳೆಲ್ಲ ಕೆಲವರ ಕೈಯಲ್ಲೇ ಯಾಕಿವೆ, ಉಳಿದವರಿಗೆ ಪಾಲು ಸಿಗುವುದು ಹೇಗೆ ಎಂದು ನೋಡಲು ಮಹಾರಾಜರು ನೇಮಿಸಿದ ಸಮಿತಿ ಅದು. ಇಲ್ಲಿ ನೂರು ವರ್ಷದ ಹಿಂದೆಯೇ ಕೇಳಿದ ಪ್ರಶ್ನೆ ಇದು ಎಂದು ಮಕ್ಕಳಿಗೆ ತಿಳಿದಿರಲಿ ಎಂಬುದು ನನ್ನ ಆಸೆ.

ಈ ಸಲದ ಆರನೇ ಕ್ಲಾಸಿನವರು ಲೆಕ್ಕದ ಮನೆಗೆ ಒಬ್ಬ ಅಜ್ಜಿಯನ್ನು ತಂದಿದ್ದಾರೆ. ಅಜ್ಜಿಗೆ ಕಣ್ಣಿನ ಪೊರೆ, ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅವ್ವನಿಗೂ ಅಜ್ಜಿಗೂ ಬಸ್ಸು ಫ್ರೀ. ಆದರೆ ಜೊತೆಗೆ ಹೋದವರ ಅವತ್ತಿನ ಕೂಲಿ ಹೋಗುತ್ತದೆ. ಯಾರು ಹೋಗಬೇಕೆಂದು ತರಗತಿ ಎರಡು ಗುಂಪಾಗಿದೆ. ಬರುವ ಶನಿವಾರ ತೀರ್ಮಾನ.