ಫ್ರಿಜ್ಜಿನಲ್ಲಿಟ್ಟ ಕರಂಡೆ ಬೀಜ

ಕಳೆದ ವರ್ಷ ಮೇ ಕೊನೆಗೆ ಮಣಿಪಾಲದ ಆಚೆಯ ಮುರಕಲ್ಲು ಪದವಿನಿಂದ ನಮ್ಮ ನರ್ಸರಿಗೆ ಎರಡು ಬುಟ್ಟಿ ಕರಂಡೆ ಹಣ್ಣು (ಮುಳ್ಳುಪೊದೆಯ ಕವಳೆ ಹಣ್ಣು) ಬಂತು. ತೋಟದ ಬೇಲಿಗೆ 300 ಗಿಡ ಬೇಕೆಂದು ಒಬ್ಬರು ಅಡ್ವಾನ್ಸ್ ಕೊಟ್ಟಿದ್ದರು. ಕಪ್ಪಾಗಿ ಮೆತ್ತಗಾದದ್ದನ್ನೇ ಆರಿಸಿ, ಕಿವುಚಿ, ಸೊನೆ ಬಿಡುವವರೆಗೆ ನಾಲ್ಕು ನೀರು ತೊಳೆದೆ. ಅಲ್ಲಿಯವರೆಗೆ ಎಲ್ಲ ಸರಿ.

ಆಮೇಲೆ ಬುದ್ಧಿ ಓಡಿಸಿದೆ. ಬೆಂಡೆ, ಅಲಸಂಡೆ ಬೀಜದ ಹಾಗೆ ಪೇಪರ್ ಮೇಲೆ ಒಣಗಿಸಿ, ಡಬ್ಬಿಗೆ ತುಂಬಿ, ಲೇಬಲ್ ಅಂಟಿಸಿ ಆಫೀಸಿನ ಫ್ರಿಜ್ಜಿನಲ್ಲಿಟ್ಟೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಸಸಿಯ ಬುಡ ಕೊಳೆಯುತ್ತದೆ, ಅದರ ಮುಂದಿನ ಸೋಣ ತಿಂಗಳಲ್ಲಿ ಹಾಕುವ ಅಂತ. ಪಾಲಿಬ್ಯಾಗ್ ತುಂಬುವ ಅಕ್ಕ ಅವತ್ತೇ ಕೇಳಿದ್ದರು: "ಕರಂಡೆ ಬೀಜ ಇಟ್ಟುಕೊಂಡು ಯಾರಾದ್ರೂ ಹಾಕ್ತಾರಾ ಮಾರಾಯ್ರೆ?" ಡಿಪ್ಲೊಮಾ ಮಾಡಿದವನಿಗೆ ಹೇಳಲು ಬಂದರಲ್ಲ ಎಂದು ನಕ್ಕಿದ್ದೆ.

ದಸರಾ ಹೊತ್ತಿಗೆ ಅಡ್ವಾನ್ಸ್ ಕೊಟ್ಟವರು ಹೆಂಡತಿ ಸಮೇತ ಬಂದರು. ಗೇಟಿನಿಂದ ಶೇಡ್‌ನೆಟ್ಟಿಗೆ ನಲವತ್ತು ಹೆಜ್ಜೆ. ಅಷ್ಟರಲ್ಲಿ ಕೇಪಳ ತೋರಿಸಿದೆ, ಕುಂಟಲ ತೋರಿಸಿದೆ, ಚಹಾ ತರಿಸಲಾ ಎಂದೂ ಕೇಳಿದೆ.

"ಮೊದಲು ಕರಂಡೆ ನೋಡುವ."

ಸಸಿ ಎಬ್ಬಿಸುವ, 98 ಕುಳಿಯ ನಾಲ್ಕು ಪ್ರೋಟ್ರೇ. ಅದರೊಳಗಿನ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಪಾಚಿ ಕಟ್ಟಿತ್ತು, ಮೂಲೆಯಲ್ಲೊಂದು ಹುಲ್ಲು. ಅವರು ಹುಲ್ಲನ್ನೇ ತೋರಿಸಿ "ಇದಾ?" ಎಂದರು.

"ಅಲ್ಲ ಸರ್, ಇದಕ್ಕೆ ಸ್ವಲ್ಪ ಟೈಮ್ ಹಿಡಿಯುತ್ತದೆ."

ಬಿತ್ತಿ ಐದು ವಾರ ದಾಟಿತ್ತು. ಹೇಳುವಾಗಲೇ ನನಗೆ ಗೊತ್ತು, ಸುಳ್ಳು. ಅವರ ಹೆಂಡತಿ ಏನೂ ಮಾತಾಡದೆ ಕಡ್ಡಿಯಿಂದ ಒಂದು ಕುಳಿ ಕೆದಕಿ, ಚಪ್ಪಟೆ ಬೀಜ ಎತ್ತಿ, ಉಗುರಿನಿಂದ ಒತ್ತಿದರು. ಒಳಗೆ ಬಿಳಿ ಇರಬೇಕಾದಲ್ಲಿ ಕಂದು ರಾಡಿ. ಇನ್ನೊಂದು ಕುಳಿ. ಅದೂ ಹಾಗೇ. ಮೂರನೆಯದಕ್ಕೆ ಕೈ ಹಾಕದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಗಂಡನ ಮುಖ ನೋಡಿದರು. ಗೋಡೆಯ ಮೇಲಿದ್ದ ನಮ್ಮ ದರಪಟ್ಟಿಯನ್ನು ನಾನು ಮೊದಲ ಸಲ ನೋಡುವವನ ಹಾಗೆ ಓದುತ್ತಾ ನಿಂತೆ.

ಧಣಿಗಳು ಅಡ್ವಾನ್ಸ್ ವಾಪಸ್ ಕೊಟ್ಟರು. ಬೈದದ್ದು ಫ್ರಿಜ್ಜಿನ ಕರೆಂಟ್ ಬಿಲ್ಲಿಗೆ.

ಕರಂಡೆ ಬೀಜಕ್ಕೆ ಆಯುಸ್ಸು ಕಡಿಮೆ, ಹಣ್ಣಿನಿಂದ ತೆಗೆದ ಕೂಡಲೇ ಮಣ್ಣಿಗೆ ಬೀಳಬೇಕು. ಮಳೆಗೆ ಹೆದರಿದವನು ಟ್ರೇ ಮೇಲೊಂದು ಪ್ಲಾಸ್ಟಿಕ್ ಶೀಟ್ ಕಟ್ಟಿದ್ದರೆ ಮುಗಿಯುತ್ತಿತ್ತು.

ಈ ಸಲ ಬೆಳಿಗ್ಗೆ ಹಣ್ಣು ಬಂತು, ಕೈಯ ಅಂಟು ಹೋಗುವ ಮೊದಲೇ, ಸಂಜೆಗೆ ಬಿತ್ತಿ ಆಯಿತು. ಮೊಳಕೆಯೂ ಬಂದಿದೆ. ಆದರೆ ಆಫೀಸಿನ ಎಕ್ಸೆಲ್ ಶೀಟಿನಲ್ಲಿ ‘ಬೀಜ ದಾಸ್ತಾನು ದಿನ’ ಅಂತ ಒಂದು ಕಾಲಂ ಇದೆ, ಎಲ್ಲ ಬೀಜಕ್ಕೂ ಅದೇ ಶೀಟ್. ಖಾಲಿ ಬಿಡುವ ಹಾಗಿಲ್ಲ, ಸೊನ್ನೆ ಹಾಕಿದರೆ ಕೆಂಪಾಗುತ್ತದೆ. 1 ಅಂತ ಹಾಕಿದ್ದೇನೆ.