ಮೈಸೂರಿನ ಮನೆಯಲ್ಲಿ ನೂರು ಲೀಟರ್ ಕಡಲು

ಹೊನ್ನಾವರದಲ್ಲಿ ಹುಟ್ಟಿ ಬೆಳೆದ ನಾನು ಕೆಲಸದ ನಿಮಿತ್ತ ಮೈಸೂರಿಗೆ ಬಂದು ಹನ್ನೊಂದು ವರ್ಷಗಳಾದವು. ಆರು ವರ್ಷ ಸಿಹಿನೀರಿನ ಮೀನುಗಳನ್ನು ಸಾಕಿದ ಮೇಲೆ, ಕಳೆದ ವರ್ಷ ಉಪ್ಪುನೀರಿನ ಅಕ್ವೇರಿಯಂ ಮಾಡಿಯೇ ತೀರಬೇಕೆಂದು ನಿಶ್ಚಯಿಸಿದಾಗ ಮನೆಯಲ್ಲಿ ಒಪ್ಪಿಗೆಯಾದ ಮೊತ್ತ 25,000 ರೂಪಾಯಿ. ನೀರಿನ ವಿಷಯದಲ್ಲಿ ಕೈ ಬಿಗಿ ಹಿಡಿಯದೆ, ಉಳಿದೆಡೆಯೆಲ್ಲ ದುಡ್ಡಿನ ಬದಲು ಸಮಯವನ್ನು ಖರ್ಚು ಮಾಡಿದ್ದರಿಂದ ಆ ಮೊತ್ತ ಮೀರದೆ ಕೆಲಸ ಮುಗಿಯಿತು.

ಖರ್ಚು ಕಡಿಮೆಯಾಗಲೆಂದು ಹೊಸಬರು ಮೊದಲು ಚಿಕ್ಕ ತೊಟ್ಟಿಯತ್ತ ಕೈ ಚಾಚುತ್ತಾರೆ. ಉಪ್ಪುನೀರಿನಲ್ಲಿ ಇದು ದುಬಾರಿಯ ದಾರಿ. ಇಪ್ಪತ್ತು ಲೀಟರ್ ನೀರಿನಲ್ಲಿ ಒಂದು ಲೀಟರ್ ಆವಿಯಾದರೆ ಉಪ್ಪಿನ ಪ್ರಮಾಣ ಕೂಡಲೇ ಏರುತ್ತದೆ. ನೂರು ಲೀಟರಿನಲ್ಲಿ ಅದೇ ಒಂದು ಲೀಟರ್ ಲೆಕ್ಕಕ್ಕೇ ಬರುವುದಿಲ್ಲ. ನಾನು ಬಡಾವಣೆಯ ಗಾಜಿನ ಅಂಗಡಿಯಲ್ಲಿ 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿಯನ್ನು ಹೇಳಿ ಮಾಡಿಸಿದೆ. ಮರಳು, ಕಲ್ಲು ಹೋಗಿ ನೀರು ಹಿಡಿಯುವುದು ಸುಮಾರು ನೂರು ಲೀಟರ್. ಸ್ಟ್ಯಾಂಡು ಹಳೆಯ ಕಬ್ಬಿಣದ್ದು, ಬೆಸುಗೆ ಹಾಕಿಸಿ ಗಟ್ಟಿ ಮಾಡಿಸಿದ್ದು.

ನೀರಿನ ವಿಚಾರ ಬಂದಾಗ ಅಪ್ಪ, ಊರಿನಿಂದ ನಾಲ್ಕೈದು ಕ್ಯಾನು ಕಡಲ ನೀರನ್ನೇ ತುಂಬಿಸಿಕೊಂಡು ಹೋಗಬಾರದೇಕೆ ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಮಳೆಗಾಲದಲ್ಲಿ ಶರಾವತಿಯ ಕೆಂಪು ನೀರು ಸೇರಿ ಅಳಿವೆಯ ಸುತ್ತಲಿನ ಕಡಲು ಉಪ್ಪು ಕಳೆದುಕೊಳ್ಳುತ್ತದೆ, ದಡದ ನೀರಿನಲ್ಲಿ ದೋಣಿಗಳ ಎಣ್ಣೆಯೂ ಇರುತ್ತದೆ; ಪ್ರತಿ ವಾರ ಬದಲಿಸಲು ಬೇಕಾಗುವ ನೀರನ್ನು ಘಟ್ಟ ಹತ್ತಿಸಿ ತರುವುದಂತೂ ಆಗದ ಮಾತು. ಹಾಗಾದರೆ ನಮ್ಮ ಸಾಣಿಕಟ್ಟೆಯ ಉಪ್ಪನ್ನು ಕರಗಿಸಬಹುದಲ್ಲ ಎಂಬುದು ಅಪ್ಪನ ಮುಂದಿನ ಮಾತು. ಉಪ್ಪಿನಾಗರದಲ್ಲಿ ಕಡಲ ನೀರು ಬತ್ತುತ್ತ ಬಂದಂತೆ ಸುಣ್ಣದ ಅಂಶ ಮತ್ತು ಜಿಪ್ಸಂ ಮೊದಲೇ ತಳಕ್ಕಿಳಿಯುತ್ತವೆ, ಆಮೇಲೆ ಉಪ್ಪು ಹರಳುಗಟ್ಟುತ್ತದೆ, ಮೆಗ್ನೀಸಿಯಂ ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಹೆಚ್ಚಾಗಿ ಉಳಿದುಬಿಡುತ್ತದೆ. ನಾವು ಬಾಚಿ ತರುವ ಉಪ್ಪಿನಲ್ಲಿ ಕಡಲಿನ ಒಂದು ಭಾಗವಷ್ಟೇ ಇರುತ್ತದೆ. ಕಡಲಿನ ಪ್ರತಿ ಲೀಟರಿನಲ್ಲಿ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 410 ಮಿಲಿಗ್ರಾಂ ಕ್ಯಾಲ್ಸಿಯಂ ಇರಬೇಕಾದ್ದರಿಂದ ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪನ್ನು ಕೊಳ್ಳುವುದು ಅನಿವಾರ್ಯ. ಲೀಟರಿಗೆ ಹೆಚ್ಚೂಕಡಿಮೆ 36 ಗ್ರಾಂ ಬೇಕು. ವಾರಕ್ಕೆ ಹತ್ತು ಲೀಟರ್ ಬದಲಿಸಿದರೆ 20 ಕಿಲೋ ಉಪ್ಪು ವರ್ಷ ಪೂರ್ತಿ ಬರುತ್ತದೆ.

ಆ ಉಪ್ಪನ್ನು ಕರಗಿಸುವ ನೀರಿನಲ್ಲಿ ನಾನು ಎಡವಿದೆ. ಮನೆಯಲ್ಲಿ ಕುಡಿಯುವ ನೀರಿನ ಆರ್‌ಒ ಯಂತ್ರವಿತ್ತು, ಅದೇ ಸಾಕೆಂದುಕೊಂಡೆ. ಕುಡಿಯಲು ರುಚಿಯಾಗಿರಲೆಂದು ಇಂಥ ಯಂತ್ರಗಳು ಶುದ್ಧವಾದ ನೀರಿಗೆ ಮತ್ತೆ ಒಂದಿಷ್ಟು ಮೂಲ ನೀರನ್ನು ಬೆರೆಸುತ್ತವೆ ಎಂಬುದು ಗೊತ್ತಿರಲಿಲ್ಲ. ಮೂರನೇ ವಾರದ ಹೊತ್ತಿಗೆ ಮರಳು, ಗಾಜು, ಕಲ್ಲು ಎಲ್ಲದರ ಮೇಲೂ ಕೂದಲಿನಂಥ ಹಸಿರು ಪಾಚಿ ಎದ್ದಿತು. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿದರೆ ಸೊನ್ನೆಯ ಹತ್ತಿರ ಇರಬೇಕಾದ ಅಂಕಿ 85 ತೋರಿಸಿತು. ತೊಟ್ಟಿಯ ನೀರನ್ನು ಅರ್ಧದಷ್ಟು ಚೆಲ್ಲಿ, ಬೆರಕೆಯ ಕೊಳವೆಯನ್ನು ಮುಚ್ಚಿಸಿ, ಕೊನೆಯಲ್ಲಿ ಉಳಿದ ಲವಣಗಳನ್ನೂ ಹೀರಿಕೊಳ್ಳುವ ಒಂದು ಡಿಐ ಫಿಲ್ಟರ್ ಸೇರಿಸಿದ ಮೇಲೆ ಸರಿಹೋಯಿತು. ಆ ದಿನ ಚೆಲ್ಲಿದ ಉಪ್ಪಿನ ಬೆಲೆಯಲ್ಲಿ ಡಿಐ ಫಿಲ್ಟರೇ ಬರುತ್ತಿತ್ತು.

ಕೈ ಬಿಗಿ ಹಿಡಿಯಬಾರದ ಇನ್ನೊಂದು ವಸ್ತು ನೀರಿನ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್. ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ಅಗ್ಗವೇನೋ ಹೌದು, ಆದರೆ ಮುಳ್ಳಿಗೆ ಒಂದು ಗುಳ್ಳೆ ಅಂಟಿಕೊಂಡರೂ ಅದು ತಪ್ಪು ತೋರಿಸುತ್ತದೆ. ರಿಫ್ರ್ಯಾಕ್ಟೋಮೀಟರನ್ನು 35 ಪಿಪಿಟಿಯ (ಸಾವಿರ ಪಾಲಿಗೆ 35 ಪಾಲು ಉಪ್ಪಿನ) ಮಾದರಿ ದ್ರಾವಣದಿಂದ ಹೊಂದಿಸಿಕೊಂಡು, ಸಾಂದ್ರತೆ 1.025ರ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಳ್ಳುತ್ತೇನೆ.

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಕಲ್ಲು. ವಿದೇಶಗಳಲ್ಲಿ ಹವಳದ ದಿಬ್ಬದಿಂದ ತೆಗೆದ, ಬ್ಯಾಕ್ಟೀರಿಯಾ ಮತ್ತು ಸಣ್ಣ ಜೀವಿಗಳು ಮನೆಮಾಡಿಕೊಂಡಿರುವ ‘ಜೀವಂತ ಕಲ್ಲ’ನ್ನು ತೊಟ್ಟಿಗೆ ಹಾಕುವ ರೂಢಿಯಿದೆ. ನಮ್ಮಲ್ಲಿ ಕಲ್ಲುಹವಳಗಳೂ ಕಡಲಕುದುರೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ; ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳವನ್ನು ನೀರಿನಲ್ಲಿ ನೋಡಿ ಬಂದವರಿಗೆ ಅದನ್ನು ಕಿತ್ತು ತರುವ ಮನಸ್ಸೂ ಬಾರದು. ಹಾಗಾಗಿ ನಾನೇ ಕಲ್ಲು ಮಾಡಿದೆ. ಊರಿನ ಮನೆಯಲ್ಲಿ ಅಡುಗೆಗೆ ತಂದ ಚಿಪ್ಪಿಕಲ್ಲಿನ ಚಿಪ್ಪುಗಳನ್ನು ಅಮ್ಮ ತೊಳೆದು ಒಣಗಿಸಿ ಚೀಲದಲ್ಲಿ ಕೊಟ್ಟಿದ್ದರು. ಅವನ್ನು ಗುದ್ದಿ ಚೂರು ಮಾಡಿ, ನಾಲ್ಕು ಪಾಲು ಚಿಪ್ಪಿಗೆ ಒಂದು ಪಾಲು ಸಿಮೆಂಟು, ಜೊತೆಗೆ ಎರಡು ಹಿಡಿ ಕಲ್ಲುಪ್ಪು ಬೆರೆಸಿ, ಒದ್ದೆ ಮರಳಿನಲ್ಲಿ ಗುಂಡಿ ತೋಡಿ ಸುರಿದೆ. ಗಟ್ಟಿಯಾದ ಮೇಲೆ ನೀರಿನಲ್ಲಿ ಇಟ್ಟರೆ ಕಲ್ಲುಪ್ಪು ಕರಗಿ, ಅದಿದ್ದ ಜಾಗದಲ್ಲಿ ಬ್ಯಾಕ್ಟೀರಿಯಾ ಮನೆಮಾಡುವ ತೂತುಗಳಾಗುತ್ತವೆ. ಹೊಸ ಸಿಮೆಂಟು ನೀರಿನ ಪಿಎಚ್ ಅನ್ನು ವಿಪರೀತ ಏರಿಸುವುದರಿಂದ ಎರಡು ತಿಂಗಳು ಬಕೆಟ್ಟಿನಲ್ಲಿ ಇಟ್ಟು, ಮೂರು ದಿನಕ್ಕೊಮ್ಮೆ ನೀರು ಬದಲಿಸಿದೆ. ಪಿಎಚ್ 8.2ಕ್ಕೆ ಇಳಿದು ಅಲ್ಲೇ ನಿಂತ ದಿನ, ಕಲ್ಲಿನ ಮೈಯಲ್ಲಿ ಅರ್ಧ ಹುದುಗಿದ್ದ ಚಿಪ್ಪೊಂದರ ನೇರಳೆ ಗೆರೆ ಇನ್ನೂ ಕಾಣುತ್ತಿತ್ತು.

ಕಲ್ಲು ತೊಟ್ಟಿಗಿಳಿದ ಮೇಲೆ ಆರು ವಾರ ಮೀನಿಲ್ಲದೆ ಕಾಯಬೇಕು. ಹಳೆಯ ಕಾಲುಚೀಲದಲ್ಲಿ ಒಂದು ಹಸಿ ಸಿಗಡಿಯನ್ನು ಕಟ್ಟಿ ನೀರಿನಲ್ಲಿ ಬಿಟ್ಟೆ. ಅದು ಕೊಳೆತು ಅಮೋನಿಯ ಬಂದಿತು, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿದವು, ಇನ್ನೊಂದು ಬಗೆಯವು ನೈಟ್ರೇಟ್ ಮಾಡಿದವು. ಪಿಎಚ್ ಹೆಚ್ಚಿರುವ ಉಪ್ಪುನೀರಿನಲ್ಲಿ ಅಮೋನಿಯ ಸಿಹಿನೀರಿಗಿಂತ ಹೆಚ್ಚು ವಿಷಕಾರಿಯಾದ್ದರಿಂದ ಇಲ್ಲಿ ಆತುರ ಸಲ್ಲದು. ಅಮೋನಿಯ ಪರೀಕ್ಷೆಯ ಗಾಜಿನ ನಳಿಗೆಯಲ್ಲಿ ಕಡು ಹಸಿರಾಗಿದ್ದ ಬಣ್ಣ ದಿನದಿಂದ ದಿನಕ್ಕೆ ತಿಳಿಯಾಗಿ, ಮೂವತ್ತೆಂಟನೆಯ ದಿನ ಬರಿಯ ಹಳದಿಯಾಯಿತು. ನೈಟ್ರೈಟ್ ಸಹ ಸೊನ್ನೆಗೆ ಬರಲೆಂದು ಇನ್ನೂ ಒಂದು ವಾರ ಕಾದೆ.

ನೀರಿನ ಕೊಳೆಯನ್ನು ನೊರೆಯಾಗಿ ಹೊರಹಾಕುವ ಸ್ಕಿಮ್ಮರ್ ಕೊಳ್ಳಲಿಲ್ಲ, ಎರಡು ಚಿಕ್ಕ ಮೀನುಗಳಿಗೆ ವಾರದ ನೀರು ಬದಲಾವಣೆಯೇ ಸಾಕು. ಹೀಟರ್, ನೀರಿನಲ್ಲಿ ಅಲೆ ಎಬ್ಬಿಸುವ ಒಂದು ವೇವ್ ಮೇಕರ್, ಕರೆಂಟು ಹೋದಾಗ ಓಡುವ ಬ್ಯಾಟರಿಯ ಗಾಳಿ ಪಂಪು ಇವೆ. ಬೇಸಿಗೆಯಲ್ಲಿ ಚಿಲ್ಲರ್ ಬದಲು ನೀರಿನ ಮೇಲೆ ಸಣ್ಣ ಫ್ಯಾನು ಬೀಸುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ, ಆದ್ದರಿಂದ ಗಾಜಿನ ಮೇಲೆ ಗುರುತು ಮಾಡಿದ ಗೆರೆಯವರೆಗೆ ದಿನವೂ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬುತ್ತೇನೆ.

ಮೀನು ಕೊಳ್ಳುವಾಗ ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಮೀನೇ ಬೇಕೆಂದು ಹಟ ಹಿಡಿದೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ತಮಿಳುನಾಡಿನ ಮಂಡಪಂ ಕೇಂದ್ರದವರು ಇವುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ. ಕಡಲಿನಿಂದ ಹಿಡಿದು ತಂದ ಮೀನಿಗಿಂತ ಇವು ತೊಟ್ಟಿಗೂ ಒಣ ಆಹಾರಕ್ಕೂ ಬೇಗ ಒಗ್ಗಿಕೊಳ್ಳುತ್ತವೆ, ಕಡಲಿನಲ್ಲಿ ಇವು ಆಶ್ರಯ ಪಡೆಯುವ ಅನಿಮೋನ್ ಎಂಬ ಜೀವಿ ಇಲ್ಲದೆಯೂ ಸುಖವಾಗಿರುತ್ತವೆ. ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆದು, ಜೋಡಿಯಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ. ನಮ್ಮ ಮನೆಯ ಎರಡು ತಂದ ದಿನ ಒಂದೇ ಅಳತೆಯವಾಗಿದ್ದವು. ಏಳು ತಿಂಗಳ ಮೇಲೆ ಈಗ ಒಂದು ಸ್ಪಷ್ಟವಾಗಿ ದೊಡ್ಡದಾಗಿದೆ, ಅದು ಹತ್ತಿರ ಬಂದಾಗಲೆಲ್ಲ ಚಿಕ್ಕದು ಪಕ್ಕಕ್ಕೆ ವಾಲಿ ಮೈ ನಡುಗಿಸುತ್ತದೆ. ಇಬ್ಬರೂ ರಾತ್ರಿ ಮಲಗುವುದು ಆ ನೇರಳೆ ಗೆರೆಯ ಚಿಪ್ಪಿನ ಕೆಳಗೆ.