ಪುಕ್ಕಟೆ ಕಂಪ್ರೆಸರ್, ಕಾಗದ ಇಲ್ಲದ ಫಿಶ್ ಪ್ಲೇಟು

ಹುಬ್ಬಳ್ಳಿ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಮಷಿನ್ ಶಾಪಿನ ಸ್ಟೋರ್ ನೋಡಿಕೊಳ್ಳುವುದು ನನ್ನ ಕೆಲಸ. 19 ವರ್ಷ ಆಯಿತು. ಯಾವ ರ‍್ಯಾಕಿನಲ್ಲಿ ಯಾವ ಬೋಲ್ಟು ಇದೆ ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೂ ಸಾಮಾನು ತರುವುದು ಅಂದರೆ ಏನು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಸಂಬಳ ಕೊಡುವ ಜಾಗದಲ್ಲಿ ಅಲ್ಲ. ರವಿವಾರ ಪುಕ್ಕಟೆ ದುಡಿಯಲು ಹೋಗುವ ಜಾಗದಲ್ಲಿ.

ಅಣ್ಣಿಗೇರಿ ಕಡೆ ಒಬ್ಬರ ಹೊಲದ ಬದುವಿನ ಪಕ್ಕ 160 ಮೀಟರ್ ಉದ್ದದ ಮೀಟರ್ ಗೇಜ್ ಹಳಿ ಇದೆ, ಅಂದರೆ ಎರಡು ಹಳಿಯ ನಡುವೆ ಒಂದು ಮೀಟರ್. ಅದರ ಮೇಲೆ ನಾಲ್ಕು ಗಾಲಿಯ ಒಂದು ಹಳೆ ಗೂಡ್ಸ್ ಡಬ್ಬಿ, ತಳ್ಳಿಕೊಂಡು ಹೋಗುವ ಒಂದು ಟ್ರಾಲಿ. ಇಷ್ಟೇ ನಮ್ಮ ರೈಲ್ವೆ. ಹೊಲದ ಮಾಲೀಕರಿಗೆ ರೈಲಿನ ಹುಚ್ಚು. ಹಳಿ, ಡಬ್ಬಿ ಎಲ್ಲ ಹರಾಜಿನಲ್ಲಿ ಕಾಗದ ಸಮೇತ ತಂದಿಟ್ಟಿದ್ದಾರೆ. ಕೆಲಸಕ್ಕೆ ಬರುವವರು ಹತ್ತು ಹನ್ನೆರಡು ಜನ. ರಿಟೈರ್ ಆದ ರೈಲ್ವೆಯವರು, ಇಬ್ಬರು ಡಿಪ್ಲೊಮಾ ಹುಡುಗರು, ಒಬ್ಬರು ಬ್ಯಾಂಕ್ ಮೇಡಂ, ಮತ್ತೆ ನಾನು. ವೇಲ್ಸ್‌ನಲ್ಲಿ ಟಾಲಿಲಿನ್ ಅಂತ ಒಂದು ಸಣ್ಣ ರೈಲ್ವೆ ಇದೆ, 1951ರಿಂದ ಊರ ಜನ, ಹವ್ಯಾಸಿಗಳೇ ಸೇರಿ ನಡೆಸುತ್ತಾರೆ, ಹೀಗೆ ನಡೆದ ರೈಲುಗಳಲ್ಲಿ ಜಗತ್ತಿನಲ್ಲೇ ಮೊದಲನೆಯದು ಅಂತ ಮಾಲೀಕರು ಬಂದವರಿಗೆಲ್ಲ ಹೇಳುತ್ತಾರೆ. ನಮ್ಮ ದೇಶದ ಊಟಿ ರೈಲು, ಡಾರ್ಜಿಲಿಂಗ್ ರೈಲು ರೈಲ್ವೆಯವರೇ ನಡೆಸುವುದು. ಹುಬ್ಬಳ್ಳಿಯ ಗದಗ ರೋಡಿನ ರೈಲು ಮ್ಯೂಸಿಯಂ ಕೂಡ ಅವರದೇ. ಅವರ ಹಿಂದೆ ದೊಡ್ಡ ವರ್ಕ್‌ಶಾಪ್ ಇದೆ. ನಮ್ಮ ಹಿಂದೆ ಒಂದು ತಗಡಿನ ಶೆಡ್ಡು.

ಈ ಸೀಮೆಗೆ ರೈಲು ಬಂದಿದ್ದೇ ಮೀಟರ್ ಗೇಜಿನಲ್ಲಿ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹಾಕಿದ್ದು. 1990ರ ದಶಕದಲ್ಲಿ ಒಂದೊಂದೇ ದಾರಿ ಅದಕ್ಕಿಂತ ಅಗಲದ ಬ್ರಾಡ್ ಗೇಜ್ ಆಗುತ್ತಾ ಬಂತು. ಹಳಿಯ ಜೊತೆಗೇ ಅದಕ್ಕೆ ಬೇಕಾದ ಪಾನಾ, ಇಕ್ಕಳ, ಅಳತೆಪಟ್ಟಿ ಎಲ್ಲ ಹೋದವು. ಈಗ ಪೇಟೆಯಲ್ಲಿ ಕೇಳಿದರೆ ಅಂಗಡಿಯವರು ನಮ್ಮ ಮುಖ ನೋಡುತ್ತಾರೆ.

ಅದಕ್ಕೇ ಶುರುವಿನಲ್ಲಿ ಯಾರು ಏನು ಕೊಟ್ಟರೂ ಬೇಡ ಅನ್ನಲಿಲ್ಲ.

ತಾರಿಹಾಳದ ಒಂದು ಕಾರ್ಖಾನೆಯವರು ಕಂಪ್ರೆಸರ್ ಕೊಡ್ತೀವಿ ಅಂದರು. ಪುಕ್ಕಟೆ. ಡಬ್ಬಿಯ ಹಳೆ ಬಣ್ಣ ತೆಗೆದು ಹೊಸದು ಹೊಡೆಯೋಕೆ ಬೇಕೇ ಬೇಕಲ್ವಾ ಅಂತ ಟೆಂಪೋ ಮಾಡಿಕೊಂಡು ಹೋದೆವು. ಟೆಂಪೋ ಬಾಡಿಗೆ 2,800 ರೂಪಾಯಿ, ಹಮಾಲಿ ಬೇರೆ, ಒಬ್ಬರ ಸೊಂಟ ಹಿಡಿದು ಎರಡು ವಾರ ಬರಲಿಲ್ಲ. ಶೆಡ್ಡಿನಲ್ಲಿ ಇಳಿಸಿ, ಒರೆಸಿ, ಮೋಟರಿನ ತಗಡು ಓದಿದರೆ ತ್ರೀ ಫೇಸ್. ನಮ್ಮ ಶೆಡ್ಡಿಗೆ ಇರುವುದು ಸಿಂಗಲ್ ಫೇಸ್. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಆ ಟ್ಯಾಂಕಿನ ವಯಸ್ಸು ಯಾರಿಗೂ ಗೊತ್ತಿಲ್ಲ. ಒಳಗೆ ತುಕ್ಕು ಎಷ್ಟು ತಿಂದಿದೆ ಅಂತ ನೀರು ತುಂಬಿ ಪ್ರೆಶರ್ ಟೆಸ್ಟ್ ಮಾಡಿಸದೆ ಗಾಳಿ ತುಂಬಿದರೆ ಅದು ಕಂಪ್ರೆಸರ್ ಅಲ್ಲ, ಬಾಂಬು. ಈಗ ಅದರ ಕೆಳಗೆ ಮಾಲೀಕರ ಕೋಳಿ ಕಾವಿಗೆ ಕೂರುತ್ತದೆ. ಅಷ್ಟು ಮಟ್ಟಿಗೆ ಉಪಯೋಗ.

ನನಗೆ ನನ್ನ ಮೇಲೇ ಸಿಟ್ಟು ಬಂತು. ಫ್ಯಾಕ್ಟರಿಯಲ್ಲಿ ಇಂಡೆಂಟ್, ಅಂದರೆ ಬೇಡಿಕೆ ಚೀಟಿ ಇಲ್ಲದೆ ಒಂದು ವಾಷರ್ ಒಳಗೆ ಬಿಡುವವನಲ್ಲ ನಾನು. ಏನು ಕೆಲಸ, ಯಾವ ಮಷಿನ್ನಿಗೆ, ಯಾವ ಸೈಜು, ಯಾರು ಕೇಳಿದ್ದು, ನಾಲ್ಕು ಕಾಲಂ ತುಂಬಿ ಸಹಿ ಹಾಕಿದ ಮೇಲೇ ಖರೀದಿ. ಸೂಪರ್‌ವೈಸರ್ ಬಂದು ಎಷ್ಟು ಕೂಗಾಡಿದರೂ ಚೀಟಿ ಇಲ್ಲದೆ ಕೊಡಲ್ಲ ಅಂತ ಹೆಸರು ಮಾಡಿದವನು. ಅಂಥವನು ರವಿವಾರ ಬಂದರೆ ಕೈ ಮುಗಿದು ಯಾರ ಮನೆಯ ಬೇಡದ ಸಾಮಾನನ್ನೋ ಹೊತ್ತು ತರುತ್ತಿದ್ದೆ. ಕೊಡುವವರದು ಒಳ್ಳೆ ಮನಸ್ಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟೋ ಸಲ ಅವರ ಗೋಡೌನು ಖಾಲಿ ಆಗಿ ನಮ್ಮದು ತುಂಬುತ್ತದೆ, ಅಷ್ಟೇ.

ಗ್ರೈಂಡರ್ ಡಿಸ್ಕುಗಳೂ ಹಾಗೇ. ಒಂದು ಪೆಟ್ಟಿಗೆ ತುಂಬ ಬಂತು. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅಂಟು ಹಳತಾದರೆ ತಿರುಗುವಾಗಲೇ ಸಿಡಿಯಬಹುದು, ಅದಕ್ಕೆ. ನೋಡಿದರೆ ಮುಕ್ಕಾಲು ಪಾಲು ಅವಧಿ ಮುಗಿದವು. ಅವುಗಳ ಜೊತೆ ಬಂದ ಎರಡು ಗ್ರೈಂಡರಿಗೂ ಗಾರ್ಡ್ ಇಲ್ಲ. ನನ್ನ ಅನುಭವದಲ್ಲಿ ದಾನಕ್ಕೆ ಬರುವ ಗ್ರೈಂಡರಿಗೆ ಗಾರ್ಡ್ ಇರುವುದೇ ಇಲ್ಲ! ಡಿಸ್ಕು ಮುರಿದು ಹಾಕಿದೆವು. ಕನ್ನಡಕ, ಕೈಗವಸು, ಬೂಟು, ಡಿಸ್ಕು ಇವು ಹೊಸದೇ ಬೇಕು, ದುಡ್ಡು ಇಲ್ಲದಿದ್ದರೆ ಆ ವಾರ ಗ್ರೈಂಡಿಂಗ್ ಇಲ್ಲ ಅಂತ ಬ್ಯಾಂಕ್ ಮೇಡಂ ಖಡಾಖಂಡಿತ ಹೇಳಿದರು. ಅವರೇ ನಮ್ಮ ಖಜಾಂಚಿ.

ಈಗ ಪಾನಾ ಕಥೆ. ಇದರಲ್ಲಿ ತಪ್ಪು ಪೂರ್ತಿ ನನ್ನದು.

ಡಬ್ಬಿಯ ಬಾಗಿಲ ಕೆಳಗಿನ ಪಟ್ಟಿ ಬಿಚ್ಚಬೇಕಿತ್ತು. ನಾನು ಪೇಟೆಯಿಂದ ಒಳ್ಳೆ ಕಂಪನಿಯ ಹೊಸ ಪಾನಾ ಸೆಟ್ಟು ತಂದಿದ್ದೆ, 6ರಿಂದ 32 ಮಿಲಿಮೀಟರ್‌ವರೆಗೆ, ಹೊಳೆಯುತ್ತಿತ್ತು. ಡಿಪ್ಲೊಮಾ ಹುಡುಗ 23 ಹಾಕಿದ, ಹೋಗಲಿಲ್ಲ. 24 ಹಾಕಿದ, ಕೂತಿತು, ಆದರೆ ಸ್ವಲ್ಪ ಅಲುಗಾಡುತ್ತಿತ್ತು. ಪೈಪು ಸೇರಿಸಿ ಎಳೆದ. ಕರ್ರ್ ಅಂತ ಸದ್ದು ಬಂತು. ನಟ್ಟು ಬಿಚ್ಚಿತು ಅಂತ ಅವನು ನಕ್ಕ. ಹತ್ತಿರ ಹೋಗಿ ನೋಡಿದರೆ ನಟ್ಟಿನ ಆರೂ ಮೂಲೆ ಸವೆದು ಗುಂಡಗಾಗಿತ್ತು. ನೂರು ವರ್ಷದ ತುಕ್ಕು ಏನೂ ಮಾಡದ ನಟ್ಟನ್ನು ನಾವು ಅರ್ಧ ನಿಮಿಷದಲ್ಲಿ ಹಾಳು ಮಾಡಿದ್ದೆವು. ನೂರು ವರ್ಷ ಅಂದಿದ್ದು ಬಾಯಿಮಾತಿಗೆ, ಅಷ್ಟಾಗಿಲ್ಲ.

ಅದು ವಿಟ್‌ವರ್ತ್ ಬೋಲ್ಟು. ಇಂಚಿನ ಲೆಕ್ಕ. ಹಳೆ ಮಿಸ್ತ್ರಿಗಳ ಬಾಯಲ್ಲಿ ನಾಲ್ಕು ಸೂತು, ಅಂದರೆ ಅರ್ಧ ಇಂಚು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮಾಡಿದ ಅಳತೆ. ನಮ್ಮಲ್ಲಿ 1956ರಲ್ಲಿ ಮೆಟ್ರಿಕ್ ಕಾಯ್ದೆ ಬಂದ ಮೇಲೂ ಹಳೆ ಸಾಮಾನಿನಲ್ಲಿ ಇದೇ ಉಳಿಯಿತು. ಈ ಅಳತೆಯ ಪಾನಾದ ಮೇಲೆ ಬರೆದಿರುವ ನಂಬರು ಪಾನಾ ಬಾಯಿಯದಲ್ಲ, ಬೋಲ್ಟಿನ ದಪ್ಪದ್ದು. ಅರ್ಧ ಇಂಚಿನ ಹಳೆ ವಿಟ್‌ವರ್ತ್ ನಟ್ಟಿನ ಅಗಲ 0.92 ಇಂಚು, ಸುಮಾರು 23.4 ಮಿಲಿಮೀಟರ್. ನಮ್ಮ 23ಕ್ಕೂ ಸಲ್ಲದು, 24ಕ್ಕೂ ಸಲ್ಲದು. ಇದು ಅಲ್ಲಿಗೇ ಮುಗಿಯಲಿಲ್ಲ. ಹಾಳಾದ ನಟ್ಟಿನ ಬದಲು ನಾನು ಅಂಗಡಿಯಿಂದ 'ಅರ್ಧ ಇಂಚಿನದು' ಅಂತಲೇ ಕೇಳಿ ತಂದೆ. ಎರಡು ಮೂರು ಸುತ್ತು ಚೆನ್ನಾಗಿ ಹೋಯಿತು, ಆಮೇಲೆ ಹಿಡಿದುಕೊಂಡಿತು. ಅಂಗಡಿಯವರು ಕೊಟ್ಟಿದ್ದು ಅಮೆರಿಕನ್ ಅಳತೆಯದು. ಅದರಲ್ಲಿ ಇಂಚಿಗೆ 13 ಎಳೆ (ಥ್ರೆಡ್ಡು), ವಿಟ್‌ವರ್ತ್‌ನಲ್ಲಿ 12. ಎಳೆಯ ಕೋನ ಕೂಡ ಬೇರೆ, ಅದು 60 ಡಿಗ್ರಿ, ಇದು 55. ಅಂಗಡಿಯವರ ತಪ್ಪಲ್ಲ, ನಾನು ಎಳೆ ಎಷ್ಟು ಅಂತ ಹೇಳಿರಲಿಲ್ಲ. ಎಳೆ ಅಳೆಯುವ ಎಂಟು ನೂರು ರೂಪಾಯಿಯ ಥ್ರೆಡ್ ಗೇಜು ಮೊದಲೇ ತಂದಿದ್ದರೆ ಆರು ಸಾವಿರದ ಪಾನಾ ಸೆಟ್ಟು ತರಬೇಕಾಗಿರಲಿಲ್ಲ. ಆಮೇಲೆ ಬೇಕಾದ ಪಾನಾ ಸಿಕ್ಕಿದ್ದು ಎಲ್ಲಿ ಅಂದರೆ ಹಳೆ ಲಾರಿ ರಿಪೇರಿ ಮಾಡುತ್ತಿದ್ದ ಒಬ್ಬ ಅಜ್ಜನ ಮನೆಯ ಅಟ್ಟದಲ್ಲಿ. ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ದುಡ್ಡು ಬೇಡ ಅಂದರು. ಸಂಜೆ ಅವರನ್ನು ಟ್ರಾಲಿಯಲ್ಲಿ ಕೂರಿಸಿ ಆ ತುದಿಯಿಂದ ಈ ತುದಿಗೆ ಮೂರು ಸಲ ತಳ್ಳಿದೆವು.

ಫಿಶ್ ಪ್ಲೇಟಿನ ವಿಷಯ ಸ್ವಲ್ಪ ಗಂಭೀರ. ಎರಡು ಹಳಿ ಕೂಡುವ ಕಡೆ ಪಕ್ಕದಲ್ಲಿ ಹಾಕುವ ಕಬ್ಬಿಣದ ಪಟ್ಟಿ ಅದು. ನಮಗೆ ನಾಲ್ಕು ಜೋಡಿ ಕಡಿಮೆ ಇತ್ತು. ಒಂದು ಗುಜರಿಯಲ್ಲಿ ಇದೆ ಅಂತ ಗೊತ್ತಾಯಿತು. ನಾನೇ ಹೋದೆ, ಅಳತೆ ಹಿಡಿದು ನೋಡಿದೆ, ನಮ್ಮ ಹಳಿಗೆ ತಕ್ಕದ್ದೇ. ಕಿಲೋ ಲೆಕ್ಕದಲ್ಲಿ ತೂಗಿಸಿ, ಬೈಕಿಗೆ ಕಟ್ಟಿ ತಂದೆ. ಭಾರೀ ಸಾಹಸ ಮಾಡಿದವನ ಹಾಗೆ ಶೆಡ್ಡಿನ ಮುಂದೆ ಇಟ್ಟೆ. ನಮ್ಮ ಮೇಸ್ತ್ರಿ ಕಾಕಾ 30 ವರ್ಷ ಹಳಿಯ ಮೇಲೇ ದುಡಿದವರು. ಬಂದರು, ಕೂತರು, ಒಂದು ಪ್ಲೇಟು ಎತ್ತಿ ಹೆಬ್ಬೆರಳಿನಿಂದ ಮಣ್ಣು ಒರೆಸಿದರು.

"ತಮ್ಮಾ, ಇದರ ಕಾಗದ ಎಲ್ಲೈತಿ?"

"ಗುಜರಿ ಒಳಗ ತಂದೀನಿ ಕಾಕಾ, ಕಾಗದ ಯಾರು ಕೊಡ್ತಾರ?"

"ಹಂಗಾರ ಈಗಿಂದೀಗ ವಾಪಸ್ ಇಟ್ಟು ಬಾ. ಚಹಾ ಆಮ್ಯಾಲೆ."

ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ಬಗ್ಗೆ 1966ರ ಕಾಯ್ದೆಯೇ ಇದೆ. ಕದ್ದ ಅಥವಾ ಅಕ್ರಮವಾಗಿ ಬಂದ ರೈಲ್ವೆ ಸಾಮಾನು ಅಂತ ಅನುಮಾನ ಬರುವಂಥದ್ದು ನಮ್ಮ ಹತ್ತಿರ ಸಿಕ್ಕರೆ, ಅದು ಸರಿಯಾದ ದಾರಿಯಲ್ಲಿ ಬಂತು ಅಂತ ತೋರಿಸಬೇಕಾದವರು ನಾವೇ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು ಆಗಬಹುದು. ನಾವು ಒಳ್ಳೆ ಕೆಲಸಕ್ಕೆ ತಂದಿದ್ದು, ದುಡ್ಡು ಕೊಟ್ಟಿದ್ದೇವೆ ಅಂದರೆ ಕಾಗದ ಆಗುತ್ತಾ? ರೈಲ್ವೆ ತನಗೆ ಬೇಡವಾದ ಸಾಮಾನನ್ನು ಆನ್‌ಲೈನ್ ಹರಾಜಿನಲ್ಲಿ ಮಾರುತ್ತದೆ. ಅಲ್ಲಿ ಕೊಂಡವರ ಹತ್ತಿರ ಡೆಲಿವರಿ ಕಾಗದ ಇರುತ್ತದೆ. ಅದರ ಜೆರಾಕ್ಸ್ ಮತ್ತೆ ಬಿಲ್ಲು ಕೊಡುವವರ ಹತ್ತಿರ ಮಾತ್ರ ಕೊಳ್ಳಬೇಕು. ಅದೇ ಬೈಕಿನಲ್ಲಿ ವಾಪಸ್ ಹೋದೆ. ಗುಜರಿಯವರು ಅರ್ಧ ದುಡ್ಡು ಮಾತ್ರ ಕೊಟ್ಟರು. ಜಗಳ ಮಾಡಲಿಲ್ಲ, ಬಂದುಬಿಟ್ಟೆ. ಆಮೇಲೆ ಬಿಲ್ಲಿನ ಸಮೇತ ಹೊಸ ಪಟ್ಟಿ ಕಬ್ಬಿಣ ತಂದು, ಅಳತೆಗೆ ಕೊರೆದು, ನಮ್ಮ ಟ್ರಾಲಿಯ ಭಾರಕ್ಕೆ ಸಾಕಾಗುವಷ್ಟು ನಾವೇ ಮಾಡಿಕೊಂಡೆವು. ಡಬ್ಬಿಯನ್ನು ಆ ಜೋಡಣೆಯ ಮೇಲೆ ಒಯ್ಯುವುದಿಲ್ಲ.

ಅಳತೆಪಟ್ಟಿಯೂ ಹಾಗೇ ಆಯಿತು. ಎರಡು ಹಳಿಯ ಒಳಮೈ ನಡುವೆ 1,000 ಮಿಲಿಮೀಟರ್ ಇದೆಯಾ ಅಂತ ನೋಡುವ ಗೇಜು ಎಲ್ಲೂ ಸಿಗಲಿಲ್ಲ, ಪೈಪಿನಲ್ಲಿ ಮಾಡಿಕೊಂಡೆವು, ಚೆನ್ನಾಗಿದೆ.

ಜಾಕಿ ಬಗ್ಗೆ ಹೇಳಲೇಬೇಕು. ಗಾಲಿಯ ಅಚ್ಚಿನ ಮೇಲಿನ ಪಿತ್ತಾಳೆ ಬೇರಿಂಗ್ ತೆಗೆದು ನೋಡಲು ಡಬ್ಬಿಯ ಒಂದು ಮೂಲೆ ಸ್ವಲ್ಪ ಎತ್ತಬೇಕಿತ್ತು. ಒಬ್ಬರು ಲಾರಿ ಗ್ಯಾರೇಜಿನಿಂದ ಹಳೆ ಹೈಡ್ರಾಲಿಕ್ ಜಾಕಿ ತಂದಿದ್ದರು. ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕಲ್ಲಿನ ಹಾಗೆ, ಕೈ ತೂರುವಷ್ಟು ಬಿರುಕು. ಮಳೆ ಬಿದ್ದರೆ ಬೆಣ್ಣೆ. ಹಿಂದಿನ ರಾತ್ರಿ ಮಳೆ ಆಗಿತ್ತು, ಮೇಲೆ ಬಿಸಿಲಿಗೆ ಒಣಗಿದ ಹಾಗೆ ಕಾಣುತ್ತಿತ್ತು. ಜಾಕಿಯ ಕೆಳಗೆ ಒಂದು ಹಲಗೆ ಇಟ್ಟು ಒತ್ತುತ್ತಾ ಹೋದೆವು. ಡಬ್ಬಿ ಎದ್ದಷ್ಟೂ ಮೇಸ್ತ್ರಿ ಕಾಕಾ ಪಕ್ಕದಲ್ಲಿ ಸ್ಲೀಪರ್ ತುಂಡು, ಅಂದರೆ ಹಳಿಯ ಕೆಳಗೆ ಹಾಕುವ ದಿಮ್ಮಿಯ ತುಂಡು, ಒಂದರ ಮೇಲೊಂದು ತುರುಕುತ್ತಿದ್ದರು. ಇದೇನು ಕಾಕಾ, ಇಷ್ಟು ನಿಧಾನ ಅಂತ ನಾನು ಅಂದಿದ್ದೂ ನೆನಪಿದೆ. ಹಲಗೆ ಒಂದು ಕಡೆ ಮೆಲ್ಲಗೆ ಕುಸಿಯಿತು. ಸದ್ದೇ ಇಲ್ಲ. ಜಾಕಿ ವಾಲಿತು, ಚಿಮ್ಮಿ ಅತ್ತ ಬಿತ್ತು. ಡಬ್ಬಿ ಧಡ್ ಅಂತ ಎರಡು ಬೆರಳು ಕೆಳಗೆ ಬಂದು ಸ್ಲೀಪರ್ ತುಂಡಿನ ಮೇಲೆ ಕೂತಿತು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಆದರೆ ಹುಡುಗನ ಕೈ ಅಚ್ಚಿನ ಪೆಟ್ಟಿಗೆಯಿಂದ ಒಂದು ಗೇಣು ದೂರ ಇತ್ತು.

"ಜಾಕಿ ಎತ್ತಾಕಷ್ಟ ತಮ್ಮಾ, ಹಿಡಿಯಾಕಲ್ಲ" ಅಂದರು ಕಾಕಾ. ಆಮೇಲೆ ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂತರು. ಅವರ ಕೈ ನಡುಗುತ್ತಿತ್ತು.

ಮರುದಿನ ಫ್ಯಾಕ್ಟರಿಯಲ್ಲಿ ಕೂತು ಹೊಸ ಇಂಡೆಂಟ್ ಪುಸ್ತಕ ತಗೊಂಡೆ, ದುಡ್ಡು ಕೊಟ್ಟೇ ತಗೊಂಡೆ. ಮುಂದಿನ ರವಿವಾರ ಶೆಡ್ಡಿನ ಮೊಳೆಗೆ ನೇತು ಹಾಕಿದೆ. ಜಾಕಿ, ಚೈನ್ ಪುಲ್ಲಿ, ಕೊಕ್ಕೆ, ತಂತಿ ಹಗ್ಗ, ಭಾರ ಎತ್ತುವ ಯಾವುದೂ ದಾನದಲ್ಲಿ ಬೇಡ, ಗುಜರಿಯಲ್ಲಿ ಬೇಡ. ಹೊಸದು, ಎಷ್ಟು ಟನ್ನಿಗೆ ಅಂತ ಒತ್ತಿರುವುದು, ಟೆಸ್ಟ್ ಸರ್ಟಿಫಿಕೇಟ್ ಇರುವುದು. ಸುತ್ತಿಗೆ, ಹಾರಿ, ವೈಸು, ಕಬ್ಬಿಣ ಬಡಿಯುವ ಅಡಿಗಲ್ಲು ಇಂಥವನ್ನು ಎಷ್ಟು ಹಳೆಯದಾದರೂ ಸಂತೋಷವಾಗಿ ತಗೊಳ್ಳುತ್ತೇವೆ, ಹಳೇದೇ ಗಟ್ಟಿ. ಮೊದಲು ಎಲ್ಲರೂ ನಕ್ಕರು. ಇಲ್ಲೂ ಫ್ಯಾಕ್ಟರಿ ಮಾಡ್ತೀಯಾ ಅಂದರು. ಒಬ್ಬರು ಸಿಟ್ಟಾಗಿ ಬರುವುದೇ ಬಿಟ್ಟರು, ಅವರು ತಂದ ವೆಲ್ಡಿಂಗ್ ಮಷಿನ್ ವಾಪಸ್ ಕಳಿಸಿದ್ದಕ್ಕೆ. ಅದನ್ನು ಇನ್ನೂ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ನಾನು.

ಇಂಡೆಂಟ್ ಬರೆದು ತಂದ ಮೊದಲ ದೊಡ್ಡ ಸಾಮಾನು ಲೇತು, ಲೋಹದ ತುಂಡನ್ನು ತಿರುಗಿಸಿ ಕಡೆಯುವ ಮಷಿನ್. ಹಾವೇರಿಯಲ್ಲಿ ಮುಚ್ಚಿದ ಒಂದು ವರ್ಕ್‌ಶಾಪಿನದು. ಹಳೆ ಲೇತು ನೋಡುವವರಿಗೆ ಒಂದು ಮಾತು. ಉಳಿ ಹಿಡಿಯುವ ಕ್ಯಾರೇಜನ್ನು, ತುಂಡನ್ನು ಹಿಡಿದು ತಿರುಗಿಸುವ ಚಕ್ಕಿನ ಹತ್ತಿರ ಇಟ್ಟು ಅಲುಗಾಡದ ಹಾಗೆ ಬಿಗಿ ಮಾಡಿ, ಆಮೇಲೆ ಆ ತುದಿಗೆ ತಳ್ಳಿಕೊಂಡು ಹೋಗಿ. ಹೋಗುತ್ತಾ ಹೋಗುತ್ತಾ ಬಿಗಿಯಾದರೆ ಚಕ್ಕಿನ ಹತ್ತಿರ, ಕ್ಯಾರೇಜು ಜಾರುವ ಬೆಡ್ಡು ಸವೆದಿದೆ ಅಂತ ಅರ್ಥ, ಜಾಸ್ತಿ ಕೆಲಸ ಅಲ್ಲೇ ನಡೆದಿರುತ್ತದೆ. ನಮ್ಮದು ಸ್ವಲ್ಪ ಬಿಗಿ ಆಯಿತು, ಅದಕ್ಕೆ ತಕ್ಕ ಹಾಗೆ ರೇಟು ಇಳಿಸಿದೆ. ಈ ಸಲ ಮೋಟರಿನ ತಗಡು ಮೊದಲು ಓದಿದೆ. ಸಿಂಗಲ್ ಫೇಸ್! ಬಿಲ್ಲು ಇಸಗೊಂಡೆ. ಎಲ್ಲ ಸರಿ ಅಂತ ತಂದು ಇಳಿಸಿದ ಮೇಲೆ ಗೊತ್ತಾಯಿತು, ಎಳೆ ತೆಗೆಯುವಾಗ ಉಳಿಯನ್ನು ಸಾಗಿಸುವ ಲೀಡ್ ಸ್ಕ್ರೂ ಮೆಟ್ರಿಕ್ಕು, ಜೊತೆಗೆ ಬಂದ ಗೇರುಗಳಲ್ಲಿ 127 ಹಲ್ಲಿನದು ಇಲ್ಲ. 5 ಇಂಚು ಅಂದರೆ ಸರಿಯಾಗಿ 127 ಮಿಲಿಮೀಟರ್. ಮೆಟ್ರಿಕ್ ಲೇತಿನಲ್ಲಿ ನಮ್ಮ ವಿಟ್‌ವರ್ತ್ ಎಳೆ ಸರಿಯಾಗಿ ತೆಗೆಯಲು ಆ ಗೇರು ಬೇಕು. ಸದ್ಯಕ್ಕೆ ಅದರ ಅರ್ಧಕ್ಕೆ ಹತ್ತಿರದ 63 ಹಲ್ಲಿನದು ಹಾಕಿ ನಡೆಸುತ್ತಿದ್ದೇವೆ. ನಟ್ಟಿನ ದಪ್ಪಕ್ಕೆ ಪರವಾಗಿಲ್ಲ, ಉದ್ದದ ಸ್ಟಡ್ಡಿಗೆ ಹಿಡಿದುಕೊಳ್ಳುತ್ತದೆ. ಇಂಡೆಂಟಿನಲ್ಲಿ 'ಲೇತು' ಅಂತ ಬರೆದಿದ್ದೆ, ಏನು ಕೆಲಸಕ್ಕೆ ಅನ್ನುವ ಕಾಲಂನಲ್ಲಿ 'ಎಲ್ಲದಕ್ಕೂ' ಅಂತ. ನನ್ನದೇ ಅಕ್ಷರ, ನನ್ನದೇ ಸಹಿ.

ಹರಿಹರ, ರಾಣೆಬೆನ್ನೂರು, ಗದಗ ಕಡೆ ಯಾರ ಹತ್ತಿರವಾದರೂ ಹಳೆ ಲೇತಿನ 127 ಹಲ್ಲಿನ ಗೇರು ಸುಮ್ನೆ ಬಿದ್ದಿದ್ದರೆ ಹೇಳಿ. ನಡುವಿನ ತೂತು ಎಷ್ಟು, ದಪ್ಪ ಎಷ್ಟು, ಹಲ್ಲಿನ ಸೈಜು ಎಷ್ಟು ಅಂತ ಅಳೆದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ದುಡ್ಡು ಕೊಡುತ್ತೇವೆ. ಬಿಲ್ಲು ಇಲ್ಲದಿದ್ದರೆ ಒಂದು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಟ್ಟರೂ ಆಯಿತು, ಇದು ರೈಲ್ವೆ ಸಾಮಾನಲ್ಲ, ಕಾಕಾ ಬೈಯಲ್ಲ.